ಮೊಬೈಲ್ ತಾಗಿಸಿ ಪಾವತಿಸುವುದು: ಗೇಟಿಗೊಂದು ಕ್ರಮ, ಕೌಂಟರಿಗೊಂದು ಕ್ರಮ

ಫೋನನ್ನು ರೀಡರ್‌ಗೆ, ಅಂದರೆ ಕಾರ್ಡ್ ಓದುವ ಯಂತ್ರಕ್ಕೆ, ತಾಗಿಸಿ ಹಣ ಕೊಡುವುದನ್ನು ಹೊಸದಾಗಿ ಆರಂಭಿಸುವವರು ಮೆಟ್ರೊ ಗೇಟನ್ನೂ ಅಂಗಡಿಯ ಕೌಂಟರನ್ನೂ ಒಂದೇ ಎಂದುಕೊಳ್ಳುತ್ತಾರೆ. ಎರಡೂ ಕಡೆ ಕೈ ಮಾಡುವ ಕೆಲಸ ಒಂದೇ ಆಗಿರುವುದರಿಂದ ಹಾಗೆ ಅನ್ನಿಸುವುದು ಸಹಜ. ಆದರೆ ಅಂಗಡಿಯಲ್ಲಿ ಫೋನ್ ತಾಗಿಸಿದಾಗ ಯಂತ್ರದ ಪರದೆಯಲ್ಲಿ ಕಾಣುವ ಮೊತ್ತಕ್ಕೆ ನಾವು ಒಪ್ಪಿಗೆ ಕೊಡುತ್ತೇವೆ, ನಿಲ್ದಾಣದ ಗೇಟಿನಲ್ಲಿ ತಾಗಿಸಿದಾಗ ಈ ಪ್ರಯಾಣ ಯಾರ ಲೆಕ್ಕಕ್ಕೆ ಸೇರಬೇಕೆಂಬ ಗುರುತನ್ನು ಕೊಡುತ್ತೇವೆ. ದೂರಕ್ಕೆ ತಕ್ಕಂತೆ ದರವಿರುವ ವ್ಯವಸ್ಥೆಯಲ್ಲಿ ಗೇಟು ತೆರೆಯುವ ಹೊತ್ತಿಗೆ ನೀವು ಎಲ್ಲಿ ಇಳಿಯುತ್ತೀರೆಂಬುದು ಆ ಯಂತ್ರಕ್ಕೆ ತಿಳಿದೇ ಇರುವುದಿಲ್ಲ. ಆರಂಭದ ದಿನಗಳ ಬಹುಪಾಲು ಗೊಂದಲಗಳು, ಅಂದರೆ ಹೆಚ್ಚುವರಿ ದರ ಕಡಿತ, ಎರಡು ಬಾರಿ ಹಣ ಹೋಯಿತೆಂಬ ಗಾಬರಿ, ಮರುದಿನ ಬರುವ ಅರ್ಥವಾಗದ ಸಂದೇಶ, ಈ ವ್ಯತ್ಯಾಸವನ್ನು ಗಮನಿಸದೆ ಇರುವುದರಿಂದಲೇ ಹುಟ್ಟುತ್ತವೆ. ಆದ್ದರಿಂದ ಫೋನನ್ನು ಸಿದ್ಧಪಡಿಸುವಾಗಲೇ ಎರಡಕ್ಕೂ ಪ್ರತ್ಯೇಕವಾಗಿ ಯೋಚಿಸುವುದು ಒಳ್ಳೆಯದು.

ಫೋನ್ ಸಿದ್ಧವಾಗಿದೆಯೇ

ಈ ಪಾವತಿ ನಡೆಯುವುದು ಎನ್‌ಎಫ್‌ಸಿ ಎಂಬ ಅತಿ ಸಮೀಪದ ರೇಡಿಯೊ ಸಂವಹನದಿಂದ. ಅದು 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಕೆಲಸ ಮಾಡುತ್ತದೆ ಮತ್ತು ಅದರ ವ್ಯಾಪ್ತಿ ಕೆಲವೇ ಸೆಂಟಿಮೀಟರ್. ಕ್ಯಾಮೆರಾದಿಂದ ಕ್ಯೂಆರ್ ಸಂಕೇತ ಸ್ಕ್ಯಾನ್ ಮಾಡುವ ವಿಧಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಸ್ಕ್ಯಾನ್ ಮಾಡಲು ಯಾವ ಸ್ಮಾರ್ಟ್‌ಫೋನ್ ಆದರೂ ಸಾಕು, ಇದಕ್ಕೆ ಮಾತ್ರ ಫೋನಿನೊಳಗೆ ಎನ್‌ಎಫ್‌ಸಿ ಚಿಪ್ ಇರಲೇಬೇಕು. ಐಫೋನ್‌ಗಳಲ್ಲಿ 2014ರ ಐಫೋನ್ 6ರಿಂದ ಈಚಿನವೆಲ್ಲ ಪಾವತಿಗೆ ಸಿದ್ಧವಾಗಿವೆ, ಅವುಗಳಲ್ಲಿ ಬೇರೆ ಯಾವ ಗುಂಡಿಯನ್ನೂ ಆನ್ ಮಾಡಬೇಕಾಗಿಲ್ಲ. ಆಂಡ್ರಾಯ್ಡ್ ಫೋನ್‌ಗಳಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸವಿರುವುದರಿಂದ ಸೆಟ್ಟಿಂಗ್ಸ್‌ನ ಹುಡುಕು ಪೆಟ್ಟಿಗೆಯಲ್ಲಿ ಎನ್‌ಎಫ್‌ಸಿ ಎಂದು ಬರೆದು ನೋಡುವುದು ಸುಲಭದ ದಾರಿ. ಆಯ್ಕೆ ಕಂಡರೆ ಆನ್ ಮಾಡಿ, ಅಲ್ಲಿಯೇ ಡೀಫಾಲ್ಟ್ ಪಾವತಿ ಆ್ಯಪ್ ಯಾವುದೆಂದು ನಿಗದಿಪಡಿಸಬೇಕು. ಕಾರ್ಡುಗಳನ್ನು ಫೋನಿನಲ್ಲಿ ಇಡುವ ವ್ಯಾಲೆಟ್ ಎಂಬ ಬಗೆಯ ಒಂದಕ್ಕಿಂತ ಹೆಚ್ಚು ಆ್ಯಪ್‌ಗಳನ್ನು ಇಟ್ಟುಕೊಂಡವರು ಈ ನಿಗದಿಯನ್ನು ಮರೆತರೆ ರೀಡರ್ ಮುಂದೆ ನಿರೀಕ್ಷಿಸಿದ ಕಾರ್ಡಿನ ಬದಲು ಬೇರೊಂದು ತೆರೆದುಕೊಳ್ಳುತ್ತದೆ.

ಆ್ಯಂಟೆನಾ ಎಲ್ಲಿದೆಯೆಂದು ಕಂಡುಕೊಳ್ಳುವುದು ಎಲ್ಲರೂ ಬಿಟ್ಟುಬಿಡುವ, ಆದರೆ ಬಹಳ ಉಪಯೋಗಕ್ಕೆ ಬರುವ ಹೆಜ್ಜೆ. ಐಫೋನ್‌ನಲ್ಲಿ ಅದು ಮೇಲಿನ ಅಂಚಿನ ಬಳಿ ಇರುತ್ತದೆ, ಅನೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಹಿಂಬದಿಯ ನಡುಭಾಗದಲ್ಲೋ ಕ್ಯಾಮೆರಾದ ಆಸುಪಾಸಿನಲ್ಲೋ ಇರುತ್ತದೆ. ರೀಡರ್ ಮೇಲೆ ಫೋನನ್ನು ಉಜ್ಜುತ್ತ, ತಿರುಗಿಸುತ್ತ, ತಟ್ಟುತ್ತ ನಿಲ್ಲುವವರ ತೊಂದರೆ ಹೆಚ್ಚಿನ ಸಲ ಇಷ್ಟೇ: ಫೋನಿನ ಕೆಳಭಾಗ ರೀಡರ್‌ಗೆ ತಾಗಿರುತ್ತದೆ, ಆ್ಯಂಟೆನಾ ಅಂಗೈ ದೂರದಲ್ಲಿ ಗಾಳಿಯಲ್ಲಿರುತ್ತದೆ. ಲೋಹದ ಕವಚ, ಆಯಸ್ಕಾಂತವಿರುವ ಹಿಡಿಕೆ, ಕವಚದ ಹಿಂದೆ ಸಿಕ್ಕಿಸಿಟ್ಟ ಪ್ಲಾಸ್ಟಿಕ್ ಕಾರ್ಡ್, ಇವೆಲ್ಲವೂ ಅಡ್ಡಿಪಡಿಸಬಲ್ಲವು. ಕವಚದ ಹಿಂದಿನ ಕಾರ್ಡಿನಿಂದ ಇನ್ನೂ ಒಂದು ಅಪಾಯವಿದೆ. ಅದರಲ್ಲಿಯೂ ತಾಗಿಸಿ ಪಾವತಿಸುವ ಸಂಪರ್ಕರಹಿತ ಚಿಪ್ ಇದ್ದರೆ ಫೋನಿನ ಬದಲು ಆ ಕಾರ್ಡಿನಿಂದಲೇ ಹಣ ಹೋಗಬಹುದು.

ಕಾರ್ಡ್ ಸೇರಿಸುವಾಗ ನಡೆಯುವುದೇನು

ವ್ಯಾಲೆಟ್ ಆ್ಯಪ್ ತೆರೆದು ಕಾರ್ಡಿನ ಚಿತ್ರ ತೆಗೆದರೆ ಅಥವಾ ಸಂಖ್ಯೆಯನ್ನು ಟೈಪ್ ಮಾಡಿದರೆ, ಆ ವಿವರ ಬ್ಯಾಂಕಿಗೆ ಹೋಗಿ, ಬ್ಯಾಂಕು ಒಟಿಪಿ ಮೂಲಕವೋ ತನ್ನ ಆ್ಯಪ್ ಮೂಲಕವೋ ನಿಮ್ಮನ್ನು ಖಚಿತಪಡಿಸಿಕೊಳ್ಳುತ್ತದೆ. ನಂತರ ಫೋನಿಗೆ ಬರುವುದು ಟೋಕನ್ ಎಂಬ ಬದಲಿ ಸಂಖ್ಯೆ. ವ್ಯಾಪಾರಿಗೆ ಹೋಗುವುದು ಈ ಟೋಕನ್ ಮತ್ತು ಪ್ರತಿ ವ್ಯವಹಾರಕ್ಕೂ ಹೊಸದಾಗಿ ಹುಟ್ಟುವ ಒಂದು ಗೂಢ ಸಂಕೇತ, ನಿಜವಾದ ಕಾರ್ಡ್ ಸಂಖ್ಯೆಯಂತೂ ಹೋಗುವುದಿಲ್ಲ. ಕದ್ದ ದತ್ತಾಂಶದಿಂದ ಇನ್ನೊಂದು ಪಾವತಿ ಮಾಡುವುದು ಈ ಕಾರಣಕ್ಕೆ ಕಷ್ಟ. ಸುರಕ್ಷತೆಯ ದೃಷ್ಟಿಯಿಂದ ಪ್ಲಾಸ್ಟಿಕ್ ಕಾರ್ಡನ್ನು ಇನ್ನೊಬ್ಬರ ಕೈಗೆ ಕೊಡುವುದಕ್ಕಿಂತ ಫೋನ್ ತಾಗಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಟೋಕನ್ ಸಾಧನಕ್ಕೆ ಅಂಟಿಕೊಂಡಿರುತ್ತದೆ, ಮುಂದಿನ ಮಾತುಗಳೆಲ್ಲ ಇದನ್ನೇ ಅವಲಂಬಿಸಿವೆ. ಒಂದೇ ಕಾರ್ಡನ್ನು ಫೋನಿಗೂ ಕೈಗಡಿಯಾರಕ್ಕೂ ಸೇರಿಸಿದರೆ ಎರಡು ಬೇರೆ ಬೇರೆ ಟೋಕನ್‌ಗಳಾಗುತ್ತವೆ. ಪ್ಲಾಸ್ಟಿಕ್ ಕಾರ್ಡಿನ ಸಂಖ್ಯೆ ಮೂರನೆಯದು. ಬ್ಯಾಂಕ್ ಖಾತೆ ಒಂದೇ ಆದರೂ ರೀಡರ್ ಕಣ್ಣಿಗೆ ಇವು ಮೂರು ಪ್ರತ್ಯೇಕ ಗುರುತುಗಳು.

ಇದೇ ಘಟ್ಟದಲ್ಲಿ ಎಚ್ಚರಿಕೆಯ ಮಾತೊಂದಿದೆ. ಕಾರ್ಡನ್ನು ವ್ಯಾಲೆಟ್‌ಗೆ ಸೇರಿಸಲು ಬರುವ ಒಟಿಪಿಯನ್ನು ಯಾರಾದರೂ ಫೋನಿನಲ್ಲಿ ಕೇಳಿ ಪಡೆದರೆ, ಅವರು ನಿಮ್ಮ ಕಾರ್ಡನ್ನು ತಮ್ಮ ಫೋನಿಗೆ ಸೇರಿಸಿಕೊಂಡಂತೆಯೇ. ಮುಂದೆ ಪ್ರತಿ ಪಾವತಿಗೂ ನಿಮ್ಮ ಒಪ್ಪಿಗೆ ಅವರಿಗೆ ಬೇಕಾಗುವುದಿಲ್ಲ. ಆದ್ದರಿಂದ ಆ ಸಂದೇಶದಲ್ಲಿ ಸಂಖ್ಯೆಯ ಜೊತೆ ಬರೆದಿರುವ ವಾಕ್ಯವನ್ನೂ ಪೂರ್ತಿ ಓದಬೇಕು. ನೀವಾಗಿ ಆರಂಭಿಸದೆ ಬಂದ ಒಟಿಪಿ ಯಾವ ಕಾರಣಕ್ಕೂ ಯಾರಿಗೂ ಹೇಳುವಂಥದ್ದಲ್ಲ. 2024ರಲ್ಲಿ ಭದ್ರತಾ ಸಂಸ್ಥೆ ಇಸೆಟ್ ಬಯಲುಪಡಿಸಿದ ಎನ್‌ಗೇಟ್ ಎಂಬ ದುರುದ್ದೇಶದ ಆ್ಯಪ್ ಇನ್ನೊಂದು ದಾರಿ ಹಿಡಿದಿತ್ತು. ಚೆಕ್ ಗಣರಾಜ್ಯದ ಬ್ಯಾಂಕ್ ಗ್ರಾಹಕರನ್ನು ಗುರಿಯಾಗಿಸಿ, ನಿಮ್ಮ ಕಾರ್ಡನ್ನು ನಿಮ್ಮದೇ ಫೋನಿನ ಹಿಂಬದಿಗೆ ಹಿಡಿಯಿರಿ ಎಂದು ಹೇಳಿ, ಅಲ್ಲಿ ಓದಿದ ಸಂಕೇತವನ್ನು ದೂರದಲ್ಲಿದ್ದ ವಂಚಕನ ಫೋನಿಗೆ ರವಾನಿಸುತ್ತಿತ್ತು. ಅಧಿಕೃತ ಆ್ಯಪ್ ಅಂಗಡಿಯಿಂದಲ್ಲದೆ ಸಂದೇಶದಲ್ಲಿ ಬಂದ ಕೊಂಡಿಯಿಂದ ಪಾವತಿಯ ಯಾವ ಆ್ಯಪ್ ಅನ್ನೂ ಹಾಕಿಕೊಳ್ಳಬಾರದು ಎನ್ನುವುದು ಇಂಥ ಪ್ರಕರಣಗಳಿಂದಾಗಿಯೇ.

ಫೋನಿನ ಪರದೆಯ ಬೀಗವೂ ಇಲ್ಲಿ ಹಣದ ಬೀಗವೇ. ಹುಟ್ಟಿದ ವರ್ಷವನ್ನೋ ಒಂದೇ ಅಂಕಿಯ ಪುನರಾವರ್ತನೆಯನ್ನೋ ಪಿನ್ ಮಾಡಿಕೊಂಡಿರುವವರು ಕಾರ್ಡ್ ಸೇರಿಸುವ ಮೊದಲು ಅದನ್ನು ಬದಲಿಸಲಿ. ಬೀಗವನ್ನೇ ಹಾಕದ ಫೋನಿಗೆ ಪ್ರಮುಖ ವ್ಯಾಲೆಟ್ ಆ್ಯಪ್‌ಗಳು ಕಾರ್ಡ್ ಸೇರಿಸಲು ಬಿಡುವುದೂ ಇಲ್ಲ. ಪ್ರತಿ ವ್ಯವಹಾರಕ್ಕೂ ಬ್ಯಾಂಕಿನಿಂದ ಸೂಚನೆ ಬರುವಂತೆ ಮಾಡಿಕೊಳ್ಳುವುದು ಅದೇ ದಿನ ಮುಗಿಸಿಬಿಡಬೇಕಾದ ಇನ್ನೊಂದು ಕೆಲಸ.

ಗೇಟಿನ ಮುಂದೆ

ನಿಮ್ಮ ಸಾರಿಗೆ ವ್ಯವಸ್ಥೆ ಯಾವ ಬಗೆಯದೆಂದು ಮೊದಲು ತಿಳಿಯಬೇಕು. ಕೆಲವು ವ್ಯವಸ್ಥೆಗಳಲ್ಲಿ ಸಾಮಾನ್ಯ ಬ್ಯಾಂಕ್ ಕಾರ್ಡನ್ನೇ ಗೇಟು ಸ್ವೀಕರಿಸುತ್ತದೆ. ಲಂಡನ್ನಿನ ಬಸ್ಸುಗಳಲ್ಲಿ 2012ರ ಡಿಸೆಂಬರ್‌ನಲ್ಲಿ ಆರಂಭವಾದ ಈ ಪದ್ಧತಿ 2014ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಭೂಗತ ರೈಲಿಗೂ ಬಂತು. ನ್ಯೂಯಾರ್ಕ್ 2019ರಲ್ಲಿ ಓಮ್ನಿ ಎಂಬ ಹೆಸರಿನಲ್ಲಿ ಇದನ್ನು ಶುರುಮಾಡಿ 2020ರ ಕೊನೆಗೆ ಎಲ್ಲ ಸಬ್‌ವೇ ನಿಲ್ದಾಣಗಳಿಗೂ ಬಸ್ಸುಗಳಿಗೂ ವಿಸ್ತರಿಸಿತು. ಇನ್ನು ಕೆಲವು ವ್ಯವಸ್ಥೆಗಳು ತಮ್ಮದೇ ಸಾರಿಗೆ ಕಾರ್ಡಿನ ಮೇಲೆ ನಿಂತಿವೆ. ಹಾಂಕಾಂಗ್‌ನ ಆಕ್ಟೋಪಸ್ 1997ರಿಂದಲೂ ಜಪಾನಿನ ಸುಯಿಕಾ 2001ರಿಂದಲೂ ಇವೆ, ಎರಡನ್ನೂ ಈಗ ಫೋನಿಗೆ ಸೇರಿಸಿಕೊಳ್ಳಬಹುದು. ಗೇಟಿನ ಮೇಲೆ ನಾಲ್ಕು ಬಾಗಿದ ಗೆರೆಗಳ ಚಿಹ್ನೆ ಇದ್ದರೆ ಸಾಮಾನ್ಯವಾಗಿ ಬ್ಯಾಂಕ್ ಕಾರ್ಡ್ ನಡೆಯುತ್ತದೆ. ಹಾಗಿದ್ದರೂ ಮೊದಲ ಪ್ರಯಾಣದ ಮುನ್ನ ಸಾರಿಗೆ ಸಂಸ್ಥೆಯ ಜಾಲತಾಣದಲ್ಲಿ ವೀಸಾ, ಮಾಸ್ಟರ್‌ಕಾರ್ಡ್, ರುಪೇ ಮುಂತಾದ ಜಾಲಗಳಲ್ಲಿ ಯಾವುದರ ಕಾರ್ಡುಗಳು ನಡೆಯುತ್ತವೆಂದು ನೋಡಿಕೊಳ್ಳುವುದು ಮೇಲು, ಏಕೆಂದರೆ ಗೇಟಿನಲ್ಲಿ ನಿಂತು ಅದನ್ನು ಕಂಡುಕೊಳ್ಳುವುದಕ್ಕೆ ಹಿಂದೆ ನಿಂತವರು ಪುರುಸೊತ್ತು ಕೊಡುವುದಿಲ್ಲ.

ಬ್ಯಾಂಕ್ ಕಾರ್ಡ್ ಮತ್ತು ಸಾರಿಗೆ ಕಾರ್ಡ್, ಈ ಎರಡರ ಆಂತರಿಕ ರಚನೆ ಬೇರೆ. ಸುಯಿಕಾದಂಥ ಕಾರ್ಡಿನಲ್ಲಿ ಉಳಿದ ಹಣದ ಲೆಕ್ಕ ಚಿಪ್ಪಿನಲ್ಲಿಯೇ ಇರುತ್ತದೆ, ಗೇಟು ಅಲ್ಲಿಂದಲೇ ದರ ಕಳೆಯುತ್ತದೆ. ಪ್ಲಾಸ್ಟಿಕ್ ಸುಯಿಕಾವನ್ನು ಫೋನಿಗೆ ವರ್ಗಾಯಿಸಿದರೆ ಆ ಪ್ಲಾಸ್ಟಿಕ್ ಮತ್ತೆ ಕೆಲಸ ಮಾಡುವುದಿಲ್ಲ ಎಂಬ ನಿಯಮ ಇದರಿಂದಲೇ ಬಂದದ್ದು. ಬ್ಯಾಂಕ್ ಕಾರ್ಡಿನ ವಿಷಯ ಹಾಗಲ್ಲ. ಜನಸಂದಣಿಯ ಹೊತ್ತಿನಲ್ಲಿ ಪ್ರತಿ ಪ್ರಯಾಣಿಕನಿಗೂ ಬ್ಯಾಂಕನ್ನು ಕೇಳಿ ಉತ್ತರಕ್ಕೆ ಕಾಯುತ್ತ ಕುಳಿತರೆ ಸಾಲು ರಸ್ತೆಗೆ ಬರುತ್ತದೆ. ಲಂಡನ್ನಿನ ಸಾರಿಗೆ ಸಂಸ್ಥೆ ಒಂದು ತಾಗುವಿಕೆ ಅರ್ಧ ಸೆಕೆಂಡಿನೊಳಗೆ ಮುಗಿಯಬೇಕೆಂದು ಬಯಸಿತ್ತು. ಅದಕ್ಕಾಗಿ ಗೇಟು ಕಾರ್ಡಿನ ಡಿಜಿಟಲ್ ಸಹಿ ಅಸಲಿಯೇ, ಅದು ತಡೆಪಟ್ಟಿಯಲ್ಲಿದೆಯೇ ಎಂಬಿಷ್ಟನ್ನು ನೋಡಿ ತೆರೆದುಕೊಳ್ಳುತ್ತದೆ. ಎಲ್ಲಿ ಹತ್ತಿದಿರಿ, ಎಲ್ಲಿ ಇಳಿದಿರಿ ಎಂಬುದನ್ನು ಹಿನ್ನೆಲೆಯ ಕಂಪ್ಯೂಟರ್ ಜೋಡಿಸಿ, ದಿನದ ಕೊನೆಗೆ ಒಟ್ಟು ಮೊತ್ತವನ್ನು ಬ್ಯಾಂಕಿನಿಂದ ಕೇಳುತ್ತದೆ. ಪ್ರಯಾಣದ ದಿನ ಕಾರ್ಡ್ ಪರೀಕ್ಷೆಗಾಗಿ ಅತ್ಯಲ್ಪ ಮೊತ್ತವೊಂದು ಕಾಣಿಸಿಕೊಂಡು ಮರುದಿನ ನಿಜವಾದ ದರ ಬರುವುದಕ್ಕೆ ಕಾರಣ ಇದು. ಖಾತೆಯಲ್ಲಿ ಹಣವಿಲ್ಲದೆ ಆ ಕೋರಿಕೆ ವಿಫಲವಾದರೆ ಟೋಕನ್ ತಡೆಪಟ್ಟಿಗೆ ಸೇರುತ್ತದೆ, ಬಾಕಿ ತೀರಿಸುವವರೆಗೆ ಗೇಟು ತೆರೆಯುವುದಿಲ್ಲ. ಅಂಗಡಿಯಲ್ಲಿ ಅದೇ ಫೋನ್ ನಡೆದು ಗೇಟಿನಲ್ಲಿ ನಡೆಯದೆ ಹೋದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಹತ್ತುವಾಗ ತಾಗಿಸಿದ ಸಾಧನವನ್ನೇ ಇಳಿಯುವಾಗಲೂ ತಾಗಿಸಬೇಕು ಎಂಬ ಮುಖ್ಯ ನಿಯಮವೂ ಇಲ್ಲಿಂದಲೇ ಹೊರಡುತ್ತದೆ. ಫೋನಿನಿಂದ ಒಳಗೆ ಹೋಗಿ ಕೈಗಡಿಯಾರದಿಂದ ಹೊರಬಂದರೆ ಕಂಪ್ಯೂಟರ್ ಲೆಕ್ಕದಲ್ಲಿ ಇಬ್ಬರು ಅಪರಿಚಿತರಿದ್ದಾರೆ: ಒಬ್ಬನು ಒಳಗೆ ಹೋಗಿ ಹೊರಬರಲೇ ಇಲ್ಲ, ಇನ್ನೊಬ್ಬನು ಒಳಗೆ ಹೋಗದೆಯೇ ಹೊರಬಂದಿದ್ದಾನೆ. ಇಬ್ಬರಿಗೂ ಅಪೂರ್ಣ ಪ್ರಯಾಣದ ಗರಿಷ್ಠ ದರ ಬೀಳಬಹುದು. ಹಣ ಮಾತ್ರ ಒಂದೇ ಖಾತೆಯಿಂದ ಹೋಗುತ್ತದೆ.

ದಿನಕ್ಕೋ ವಾರಕ್ಕೋ ಇಷ್ಟಕ್ಕಿಂತ ಹೆಚ್ಚು ದರ ಕಡಿತವಾಗದೆಂಬ ಗರಿಷ್ಠ ಮಿತಿ ಇರುವ ಕಡೆ ಈ ಶಿಸ್ತಿನಿಂದ ಹಣವೂ ಉಳಿಯುತ್ತದೆ. ಲಂಡನ್ನಿನಲ್ಲಿ ವಾರದ ಮಿತಿ ಸೋಮವಾರದಿಂದ ಭಾನುವಾರದವರೆಗಿನ ಲೆಕ್ಕ. ನ್ಯೂಯಾರ್ಕ್ 2022ರಲ್ಲಿ ವಾರದ ಮಿತಿಯನ್ನು ಜಾರಿಗೆ ತಂದಾಗ ಒಂದೇ ಸಾಧನದಿಂದ 12 ಪ್ರಯಾಣಗಳಾದ ಮೇಲೆ ಉಳಿದವು ಉಚಿತವಾಗುವಂತೆ ಮಾಡಿತು. ಅರ್ಧ ಪ್ರಯಾಣಗಳನ್ನು ಫೋನಿನಿಂದ, ಅರ್ಧವನ್ನು ಪ್ಲಾಸ್ಟಿಕ್ ಕಾರ್ಡಿನಿಂದ ಮಾಡಿದವರು ಯಾವ ಗುರುತಿನಲ್ಲಿಯೂ ಮಿತಿಯನ್ನು ಮುಟ್ಟದೆ ಪೂರ್ತಿ ದರ ಕೊಡುತ್ತಲೇ ಇರುತ್ತಾರೆ. ವಾರದ ನಡುವೆ ಹೊಸ ಫೋನಿಗೆ ಬದಲಾದರೂ ಟೋಕನ್ ಬದಲಾಗುವುದರಿಂದ ಎಣಿಕೆ ಮೊದಲಿನಿಂದ ಶುರುವಾಗುವ ಸಂಭವವಿದೆ. ಆತುರವಿಲ್ಲದಿದ್ದರೆ ವಾರ ಮುಗಿದ ಮೇಲೆ ಬದಲಿಸುವುದು ಜಾಣತನ.

ಇಬ್ಬರು ಒಂದೇ ಫೋನ್ ತಾಗಿಸಿ ಒಳಹೋಗುವುದು ದೂರಕ್ಕೆ ತಕ್ಕ ದರವಿರುವ ಕಡೆ ನಡೆಯದು. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಇರುವ ರಿಯಾಯಿತಿಯೂ ಅನೇಕ ಕಡೆ ಬ್ಯಾಂಕ್ ಕಾರ್ಡಿಗೆ ತಾನಾಗಿ ಅನ್ವಯಿಸುವುದಿಲ್ಲ. ಅಂಥವರಿಗೆ ಸಾರಿಗೆ ಸಂಸ್ಥೆಯ ಕಾರ್ಡೇ ಲಾಭ, ಹೊಸದೆಂಬ ಮೋಹಕ್ಕೆ ರಿಯಾಯಿತಿಯನ್ನು ಬಿಟ್ಟುಕೊಡಬೇಕಾಗಿಲ್ಲ.

ಗೇಟಿನ ಮುಂದೆ ಬೆರಳಚ್ಚೋ ಮುಖವೋ ಹೊಂದದೆ ತಡಕಾಡುವುದನ್ನು ತಪ್ಪಿಸಲು ವ್ಯಾಲೆಟ್‌ಗಳಲ್ಲಿ ವಿಶೇಷ ವ್ಯವಸ್ಥೆಯಿದೆ. ಆ್ಯಪಲ್ ಇದನ್ನು ಎಕ್ಸ್‌ಪ್ರೆಸ್ ಮೋಡ್ ಎನ್ನುತ್ತದೆ. ಒಂದು ಕಾರ್ಡನ್ನು ಇದಕ್ಕೆಂದು ಆರಿಸಿಟ್ಟರೆ, ಸೌಲಭ್ಯವಿರುವ ಸಾರಿಗೆ ವ್ಯವಸ್ಥೆಗಳಲ್ಲಿ ಬೀಗ ತೆರೆಯದೆಯೇ ಫೋನ್ ತಾಗಿಸಬಹುದು. ಐಫೋನ್ ಎಕ್ಸ್‌ಎಸ್ ಮತ್ತು ಎಕ್ಸ್‌ಆರ್‌ನಿಂದ ಈಚಿನ ಫೋನ್‌ಗಳಲ್ಲಿ ಬ್ಯಾಟರಿ ಮುಗಿದು ಫೋನ್ ಮಲಗಿದ ಮೇಲೂ ಸುಮಾರು ಐದು ಗಂಟೆಗಳವರೆಗೆ ಇದು ನಡೆಯಬಲ್ಲದು. ಗೂಗಲ್ ವ್ಯಾಲೆಟ್‌ನಲ್ಲಿಯೂ ಸಾರಿಗೆಗೆ ಮಾತ್ರ ದೃಢೀಕರಣ ಬೇಡವೆಂಬ ಆಯ್ಕೆಯಿದೆ. ಬೀಗವಿಲ್ಲದೆ ಹಣ ಹೋಗುವುದೆಂದರೆ ಅಳುಕು ಸಹಜ, ಅದಕ್ಕೆ ಆಧಾರವೂ ಇದೆ. 2021ರಲ್ಲಿ ಬರ್ಮಿಂಗ್‌ಹ್ಯಾಮ್ ಮತ್ತು ಸರ್ರೆ ವಿಶ್ವವಿದ್ಯಾಲಯಗಳ ಸಂಶೋಧಕರು, ಎಕ್ಸ್‌ಪ್ರೆಸ್ ಮೋಡ್‌ನಲ್ಲಿಟ್ಟ ವೀಸಾ ಕಾರ್ಡನ್ನು ನಕಲಿ ಗೇಟಿನ ಸಂಕೇತದಿಂದ ಮೋಸಗೊಳಿಸಿ ಬೀಗ ಹಾಕಿದ ಐಫೋನ್‌ನಿಂದ ಹಣ ಪಡೆಯಬಹುದೆಂದು ಪ್ರಯೋಗಾಲಯದಲ್ಲಿ ತೋರಿಸಿದ್ದರು. ಹೀಗಿದ್ದರೂ ದಿನವೂ ಗೇಟು ದಾಟುವವರಿಗೆ ಈ ಸೌಲಭ್ಯವನ್ನು ಬಿಡಿ ಎಂದು ನಾನು ಹೇಳಲಾರೆ. ಸಂಬಳ ಬರುವ ಮುಖ್ಯ ಖಾತೆಯ ಕಾರ್ಡಿನ ಬದಲು ಸ್ವಲ್ಪವೇ ಹಣವಿಡುವ ಖಾತೆಯ ಕಾರ್ಡನ್ನೋ ಮಿತಿ ಕಡಿಮೆ ಮಾಡಿದ ಕಾರ್ಡನ್ನೋ ಇದಕ್ಕೆ ಆರಿಸಿದರೆ ಅನುಕೂಲವೂ ಉಳಿಯುತ್ತದೆ, ಅಪಾಯದ ಗಾತ್ರವೂ ಕುಗ್ಗುತ್ತದೆ. ಆದರೆ ತೀರ ಖಾಲಿ ಬಿಡಬಾರದು, ತಡೆಪಟ್ಟಿಯ ಮಾತು ನೆನಪಿರಲಿ.

ತಾಗಿಸುವ ಕ್ರಿಯೆ ಸರಳ. ಗೇಟಿಗೆ ನಾಲ್ಕು ಹೆಜ್ಜೆ ಇರುವಾಗಲೇ ಫೋನನ್ನು ಕೈಗೆ ತೆಗೆದುಕೊಂಡು, ಆ್ಯಂಟೆನಾ ಇರುವ ಭಾಗವನ್ನು ರೀಡರ್ ಮೇಲೆ ಚಪ್ಪಟೆಯಾಗಿ ಇಟ್ಟು, ದೀಪವೋ ಧ್ವನಿಯೋ ಬರುವವರೆಗೆ ಅಲುಗಾಡಿಸದೆ ಹಿಡಿಯಬೇಕು. ವಿಫಲವಾದರೆ ಫೋನನ್ನು ರೀಡರ್‌ನಿಂದ ಪೂರ್ತಿ ದೂರ ತೆಗೆದು, ಒಂದು ಉಸಿರಿನಷ್ಟು ಬಿಟ್ಟು, ಮತ್ತೆ ಇಡಬೇಕು. ಹತ್ತಿರದಲ್ಲಿಯೇ ಆಡಿಸುತ್ತಿದ್ದರೆ ರೀಡರ್ ಹಳೆಯ ಪ್ರಯತ್ನದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಗೇಟುಗಳೇ ಇಲ್ಲದೆ ಕಂಬದ ಮೇಲೆ ರೀಡರ್ ಇರುವ ನಿಲ್ದಾಣಗಳಲ್ಲಿ ಇಳಿಯುವಾಗ ತಾಗಿಸುವುದನ್ನು ನೆನಪಿಸುವವರು ಯಾರೂ ಇರುವುದಿಲ್ಲ, ಹೆಚ್ಚುವರಿ ದರ ತೆರುವವರಲ್ಲಿ ಇಂಥ ನಿಲ್ದಾಣಗಳಲ್ಲಿ ಮರೆತವರು ಅನೇಕರು. ಹಾಗಾದಾಗ ಸಾರಿಗೆ ಸಂಸ್ಥೆಯ ಆ್ಯಪ್ ಅಥವಾ ಜಾಲತಾಣದಲ್ಲಿ ಪ್ರಯಾಣದ ಇತಿಹಾಸ ತೆರೆದು ಅಪೂರ್ಣ ಪ್ರಯಾಣವನ್ನು ಸರಿಪಡಿಸುವಂತೆ ಕೇಳಬಹುದು. ಈ ಸೌಲಭ್ಯಕ್ಕಾಗಿಯಾದರೂ ಅಲ್ಲಿ ಖಾತೆ ತೆರೆದು ಕಾರ್ಡನ್ನು ನೋಂದಾಯಿಸಿಕೊಳ್ಳುವುದು ಸಾರ್ಥಕ.

ಕೌಂಟರಿನಲ್ಲಿ

ಅಂಗಡಿಯಲ್ಲಿ ಅವಸರವಿಲ್ಲ, ಆದ್ದರಿಂದ ಕ್ರಮವೂ ತಿರುಗುಮುರುಗು. ಇಲ್ಲಿ ಬೀಗ ತೆರೆದೇ ಪಾವತಿಸಬೇಕು ಮತ್ತು ಅದಕ್ಕೂ ಮೊದಲು ಯಂತ್ರದ ಪರದೆಯ ಮೇಲಿನ ಮೊತ್ತವನ್ನು ಓದಬೇಕು. ವ್ಯಾಪಾರಿ ಮೊತ್ತ ನಮೂದಿಸುವ ಮೊದಲೇ ಫೋನ್ ಚಾಚುವುದು ಅನೇಕರ ಅಭ್ಯಾಸ, ಅದನ್ನು ಆರಂಭದಲ್ಲಿಯೇ ಬಿಟ್ಟುಬಿಡುವುದು ಒಳ್ಳೆಯದು. ಐಫೋನ್‌ನಲ್ಲಿ ಮುಖದ ದೃಢೀಕರಣವಿರುವ ಮಾದರಿಗಳಾದರೆ ಪಕ್ಕದ ಗುಂಡಿಯನ್ನು ಎರಡು ಸಲ ಒತ್ತಿ, ಮುಖ ತೋರಿಸಿ, ನಂತರ ತಾಗಿಸಬೇಕು. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಬೀಗ ತೆರೆದು ತಾಗಿಸಿದರೆ ಸಾಕು, ಆ್ಯಪ್ ತೆರೆಯಬೇಕಾಗಿಲ್ಲ. ಪ್ಲಾಸ್ಟಿಕ್ ಕಾರ್ಡನ್ನು ಪಿನ್ ಇಲ್ಲದೆ ತಾಗಿಸಲು ಇರುವ ಮಿತಿ ಫೋನಿಗೆ ಹಲವು ಕಡೆ ಅನ್ವಯಿಸುವುದಿಲ್ಲ, ಏಕೆಂದರೆ ಬೆರಳಚ್ಚೋ ಮುಖವೋ ಆಗಲೇ ನಿಮ್ಮನ್ನು ದೃಢೀಕರಿಸಿರುತ್ತದೆ.

ಫೋನಿನಲ್ಲಿ ಇಂಟರ್ನೆಟ್ ಇಲ್ಲವೆಂದು ಹಿಂಜರಿಯಬೇಕಾಗಿಲ್ಲ. ಬ್ಯಾಂಕಿನೊಂದಿಗೆ ಮಾತಾಡುವುದು ಅಂಗಡಿಯ ಯಂತ್ರ. ಗೂಗಲ್ ವ್ಯಾಲೆಟ್ ಸಂಪರ್ಕವಿಲ್ಲದೆ ಸೀಮಿತ ಸಂಖ್ಯೆಯ ಪಾವತಿಗಳನ್ನು ಮಾತ್ರ ಮಾಡಬಲ್ಲದು ಎಂಬುದನ್ನು ಗಮನದಲ್ಲಿಟ್ಟು ಆಗಾಗ ಫೋನನ್ನು ಜಾಲಕ್ಕೆ ಜೋಡಿಸಿದರೆ ಸಾಕು.

ಯಂತ್ರ ಸುಮ್ಮನಿದ್ದಾಗ ಪಾವತಿ ಆಯಿತೋ ಇಲ್ಲವೋ ಎಂಬ ಗೊಂದಲದಲ್ಲಿ ಮತ್ತೆ ತಾಗಿಸಿಬಿಡುವ ಮನಸ್ಸಾಗುತ್ತದೆ. ಫೋನಿನ ಪರದೆಯಲ್ಲಿ ‘ಸರಿ’ ಗುರುತು ಬಂದರೂ ಅದು ಸಂಕೇತ ರವಾನೆಯಾಯಿತೆಂಬುದಕ್ಕಷ್ಟೇ ಸಾಕ್ಷಿ, ಬ್ಯಾಂಕು ಒಪ್ಪಿತೆಂಬುದನ್ನು ಹೇಳಬೇಕಾದ್ದು ಅಂಗಡಿಯ ಯಂತ್ರ. ಆ ಯಂತ್ರ ತಿರಸ್ಕರಿಸಿದೆಯೆಂದು ಸ್ಪಷ್ಟವಾಗಿ ತೋರಿಸಿದ ನಂತರವೇ ಎರಡನೆಯ ಪ್ರಯತ್ನ ಮಾಡಬೇಕು. ಪರದೇಶದಲ್ಲಿ ಯಂತ್ರವು ನಿಮ್ಮ ದೇಶದ ಹಣದಲ್ಲಿ ಪಾವತಿಸುತ್ತೀರಾ, ಸ್ಥಳೀಯ ಹಣದಲ್ಲೇ ಎಂದು ಕೇಳಿದರೆ ಸ್ಥಳೀಯ ಹಣವನ್ನೇ ಆರಿಸಿ. ಇನ್ನೊಂದನ್ನು ಆರಿಸಿದರೆ ವಿನಿಮಯ ದರವನ್ನು ವ್ಯಾಪಾರಿಯ ಕಡೆಯ ಸೇವೆ ನಿಗದಿಪಡಿಸುತ್ತದೆ, ಅದು ಸಾಮಾನ್ಯವಾಗಿ ದುಬಾರಿ.

ಕೊಂಡ ವಸ್ತುವನ್ನು ಹಿಂದಿರುಗಿಸುವ ಸಂದರ್ಭದಲ್ಲಿ ಮತ್ತೆ ಟೋಕನ್ ಮುಖ್ಯವಾಗುತ್ತದೆ. ರಸೀದಿಯಲ್ಲಿ ಮುದ್ರಿತವಾದ ಕೊನೆಯ ನಾಲ್ಕು ಅಂಕಿಗಳು ನಿಮ್ಮ ಪ್ಲಾಸ್ಟಿಕ್ ಕಾರ್ಡಿನ ಅಂಕಿಗಳಿಗೆ ಹೊಂದದೆ ಇರಬಹುದು. ವ್ಯಾಪಾರಿ ಇದು ಬೇರೆ ಕಾರ್ಡ್ ಎಂದು ಅನುಮಾನಿಸಿದರೆ ವ್ಯಾಲೆಟ್‌ನಲ್ಲಿ ಕಾರ್ಡಿನ ವಿವರ ತೆರೆದು ಸಾಧನದ ಸಂಖ್ಯೆಯ, ಅಂದರೆ ಟೋಕನ್‌ನ, ಕೊನೆಯ ಅಂಕಿಗಳನ್ನು ತೋರಿಸಬಹುದು. ಹಣ ಮರಳಿ ಪಡೆಯಲು ಖರೀದಿಗೆ ಬಳಸಿದ ಸಾಧನವನ್ನೇ ಒಯ್ಯುವುದು ಸುರಕ್ಷಿತ.

ಫೋನ್ ಕೈತಪ್ಪಿದಾಗ

ಪ್ರಯಾಣದ ನಡುವೆ ಬ್ಯಾಟರಿ ಮುಗಿದು ಫೋನ್ ತಾಗಿಸಲಾಗದೆ ಹೋದರೆ ಪ್ಲಾಸ್ಟಿಕ್ ಕಾರ್ಡ್ ತಾಗಿಸಿ ಹೊರಬರುವ ಆಸೆಯನ್ನು ತಡೆದುಕೊಂಡು ನಿಲ್ದಾಣದ ಸಿಬ್ಬಂದಿಗೆ ವಿಷಯ ತಿಳಿಸಬೇಕು. ಹೊಸ ಪ್ರಯಾಣ ಆರಂಭಿಸಲು ಮಾತ್ರ ಆ ಕಾರ್ಡ್ ಕೆಲಸಕ್ಕೆ ಬರುತ್ತದೆ, ಆದ್ದರಿಂದ ಒಂದು ಕಾರ್ಡನ್ನು ಫೋನಿನಿಂದ ಬೇರೆಯಾಗಿ, ಚೀಲದ ಇನ್ನೊಂದು ಮೂಲೆಯಲ್ಲಿ ಇಟ್ಟುಕೊಳ್ಳುವುದು ಯಾವಾಗಲೂ ಒಳ್ಳೆಯದು.

ಫೋನ್ ಕಳೆದರೆ ಅಥವಾ ಕಳುವಾದರೆ ಬೇರೊಂದು ಸಾಧನದಿಂದ ಆ್ಯಪಲ್ ಅಥವಾ ಗೂಗಲ್ ಖಾತೆಗೆ ಪ್ರವೇಶಿಸಿ ಅದು ಕಳೆದುಹೋಗಿದೆಯೆಂದು ಗುರುತಿಸುವುದು ಮೊದಲ ಕೆಲಸ, ಬ್ಯಾಂಕಿಗೆ ಕರೆ ಮಾಡಿ ಆ ಸಾಧನದ ಟೋಕನ್ ತಡೆಹಿಡಿಯುವಂತೆ ಹೇಳುವುದು ಎರಡನೆಯದು. ಕರೆ ಸ್ವೀಕರಿಸಿದವರು ಅಭ್ಯಾಸಬಲದಿಂದ ಇಡೀ ಕಾರ್ಡನ್ನೇ ರದ್ದು ಮಾಡಲು ಹೊರಟರೆ, ಫೋನಿನ ಟೋಕನ್ ಮಾತ್ರ ರದ್ದಾಗಲಿ ಎಂದು ಸ್ಪಷ್ಟವಾಗಿ ಕೇಳಬಹುದು. ಪ್ಲಾಸ್ಟಿಕ್ ಕಾರ್ಡ್ ನಿಮ್ಮ ಬಳಿಯೇ ಇದ್ದರೆ ಅದು ಎಂದಿನಂತೆ ನಡೆಯುತ್ತಿರುತ್ತದೆ. ಆ್ಯಪಲ್ ಅಥವಾ ಗೂಗಲ್ ಖಾತೆಯ ಗುಪ್ತಪದ ಆ ಫೋನಿನಲ್ಲಿ ಮಾತ್ರ ಉಳಿದಿದ್ದರೆ ಏನೂ ಮಾಡಲಾಗದು, ಹಾಗಾಗಿ ಅದನ್ನೂ ಬ್ಯಾಂಕಿನ ತುರ್ತು ಸಂಖ್ಯೆಯನ್ನೂ ಫೋನಿನ ಹೊರಗೆ ಎಲ್ಲಾದರೂ ಬರೆದಿಡಬೇಕು.

ಹಳೆಯ ಫೋನನ್ನು ಮಾರುವಾಗಲೋ ಮನೆಯಲ್ಲಿ ಇನ್ನೊಬ್ಬರಿಗೆ ಕೊಡುವಾಗಲೋ ವ್ಯಾಲೆಟ್‌ನಿಂದ ಬ್ಯಾಂಕ್ ಕಾರ್ಡುಗಳನ್ನು ತೆಗೆದುಹಾಕಿ, ಅನಂತರ ಫೋನನ್ನು ಪೂರ್ತಿ ಅಳಿಸಬೇಕು. ಹಣ ತುಂಬಿದ ಸಾರಿಗೆ ಕಾರ್ಡ್ ಅದರಲ್ಲಿದ್ದರೆ ಅದನ್ನು ಹೊಸ ಫೋನಿಗೆ ವರ್ಗಾಯಿಸಿ, ಉಳಿದ ಮೊತ್ತ ಅಲ್ಲಿ ಕಾಣಿಸಿದ ಮೇಲೆಯೇ ಹಳೆಯದನ್ನು ಕೈಬಿಡಬೇಕು.